ಓದಲು ಬಾರದ ಮೆನು, ನಿಂತುಹೋದ ಯಂತ್ರ: ಹೊರದೇಶದ ಮನೆಗೊಂದು ದೋಷ ನಿವಾರಣೆ ಕೈಪಿಡಿ

ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆಯಿಂದ ಗಲ್ಫ್, ಜರ್ಮನಿ, ಜಪಾನ್ ದೇಶಗಳಿಗೆ ಕೆಲಸಕ್ಕೋ ಓದಿಗೋ ಹೋದವರಿಗೆ ಬಾಡಿಗೆ ಮನೆಯ ಯಂತ್ರಗಳೇ ಮೊದಲು ಅಡ್ಡ ಬರುತ್ತವೆ. ಟಿವಿ ಅರಬ್ಬಿಯಲ್ಲಿ, ಬಟ್ಟೆ ಒಗೆಯುವ ಯಂತ್ರ ಜರ್ಮನ್‌ನಲ್ಲಿ, ಅನ್ನದ ಕುಕ್ಕರ್ ಜಪಾನಿಯಲ್ಲಿ ಮಾತಾಡುತ್ತಿರುತ್ತದೆ. ಯಂತ್ರ ನಿಂತ ಕೂಡಲೇ ಕೆಟ್ಟಿತು ಎಂದುಕೊಂಡು ರಿಪೇರಿಯವರನ್ನು ಕರೆಸುತ್ತಾರೆ. ಬಂದವರು ಒಂದು ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದು ಸರಿ ಮಾಡಿ, ಬಂದುಹೋದ ಶುಲ್ಕ ತೆಗೆದುಕೊಂಡು ಹೋಗುತ್ತಾರೆ. ಇಂಥ ಕರೆಗಳಲ್ಲಿ ಬಹುಪಾಲು ಲಾಕ್, ಟೈಮರ್, ತಪ್ಪು ಮೋಡ್ ಇಲ್ಲವೇ ತುಂಬಿದ ನೀರಿನ ಡಬ್ಬಿಯ ಸಮಸ್ಯೆಗಳೇ. ಅಪಾಯ ಇರುವುದು ಗ್ಯಾಸ್ ಮತ್ತು ವೋಲ್ಟೇಜ್‌ನಲ್ಲಿ. ಆ ಎರಡರಲ್ಲಿ ಊಹೆ ಮಾಡಿ ಒತ್ತುವ ಕೆಲಸ ಬೇಡವೇ ಬೇಡ.

ಏನನ್ನೂ ಒತ್ತುವ ಮೊದಲು

ಮೊದಲು ಫೋಟೊ ತೆಗೆಯಿರಿ. ಪರದೆ, ಗುಂಡಿಗಳು, ಉರಿಯುತ್ತಿರುವ ದೀಪ ಎಲ್ಲ ಕಾಣುವಂತೆ ಒಂದು. ಯಂತ್ರದ ವಿವರದ ಪಟ್ಟಿಯದು ಇನ್ನೊಂದು. ಈ ಪಟ್ಟಿ ಬಟ್ಟೆ ಯಂತ್ರದಲ್ಲಿ ಬಾಗಿಲು ತೆರೆದರೆ ಅಂಚಿನಲ್ಲಿ, ಫ್ರಿಜ್‌ನಲ್ಲಿ ಒಳಗೋಡೆಯ ಮೇಲೆ, ಟಿವಿಯಲ್ಲಿ ಹಿಂಭಾಗದಲ್ಲಿ, ಎಸಿಯಲ್ಲಿ ಒಳಘಟಕದ ಕೆಳಗೋ ಪಕ್ಕಕ್ಕೋ ಇರುತ್ತದೆ. ಮಾದರಿ ಸಂಖ್ಯೆಯೂ ದೋಷದ ಕೋಡೂ ಸಾಮಾನ್ಯವಾಗಿ ಎಲ್ಲ ದೇಶಗಳಲ್ಲೂ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರುತ್ತವೆ. ಅವೆರಡನ್ನು ಒಟ್ಟಿಗೆ ಹಾಕಿ ಹುಡುಕಿದರೆ ಇಂಗ್ಲಿಷ್ ಕೈಪಿಡಿ ಸಿಗುವ ಸಂಭವ ಹೆಚ್ಚು.

ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಹೋಗುವ ದೇಶದ ಭಾಷೆ ಮತ್ತು ಕನ್ನಡ ಎರಡನ್ನೂ ಊರಲ್ಲಿ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಳಿದ ದಿನ ಸಿಮ್ ಇರುವುದಿಲ್ಲ, ವೈಫೈ ಪಾಸ್‌ವರ್ಡ್ ಗೊತ್ತಿರುವುದಿಲ್ಲ. ಕ್ಯಾಮೆರಾವನ್ನು ಪರದೆಗೆ ನೇರ ಹಿಡಿದರೆ ಅಕ್ಷರ ಮಿನುಗಿ ಅನುವಾದ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದ್ದರಿಂದ ಫೋಟೊ ತೆಗೆದು ಆ ಫೋಟೊವನ್ನೇ ಕೊಡಿ. ಕಡ್ಡಿಕಡ್ಡಿಯಾಗಿ ಮೂಡುವ ಡಿಜಿಟಲ್ ಅಂಕಿಗಳನ್ನು ಆ್ಯಪ್ ತಪ್ಪಾಗಿ ಓದುತ್ತದೆ. ಅವನ್ನು ಕಣ್ಣಲ್ಲೇ ನೋಡಿ ಬರೆದುಕೊಳ್ಳಿ.

ಪರದೆಯ ಮೇಲೆ ಮೂಡುವ ಮೆನುವಾದರೆ ಭಾಷೆ ಬದಲಾಯಿಸಬಹುದು. ಪ್ಲಾಸ್ಟಿಕ್ ಮೇಲೆ ಅಚ್ಚು ಹಾಕಿದ ಬರಹವಾದರೆ ಆಗುವುದಿಲ್ಲ. ಜಪಾನ್, ಕೊರಿಯಾ, ಚೀನಾದ ಒಳಮಾರುಕಟ್ಟೆಗೆಂದು ಮಾಡಿದ ಬಟ್ಟೆ ಯಂತ್ರ, ಕುಕ್ಕರ್, ಎಸಿ ರಿಮೋಟ್‌ಗಳಲ್ಲಿ ಅಚ್ಚಿನ ಬರಹವೇ ಹೆಚ್ಚು. ಅಲ್ಲಿ ಭಾಷೆ ಬದಲಿಸುವ ಆಯ್ಕೆ ಹುಡುಕುತ್ತಾ ಸಮಯ ಕಳೆಯಬೇಡಿ. ಪಾರದರ್ಶಕ ಟೇಪ್ ಅಂಟಿಸಿ, ಅಳಿಸಿಹೋಗದ ಪೆನ್ನಿನಿಂದ ನಾಲ್ಕೈದು ಮುಖ್ಯ ಗುಂಡಿಗಳಿಗೆ ಕನ್ನಡದಲ್ಲಿ ಹೆಸರು ಬರೆಯಿರಿ. ಬಿಸಿಯಾಗುವ ಜಾಗದಲ್ಲಿ ಮಾತ್ರ ಟೇಪ್ ಬೇಡ.

ಫ್ಯಾಕ್ಟರಿ ರೀಸೆಟ್ ಕೊನೆಯ ಉಪಾಯ. ಮೊದಲೇ ಮಾಡಿದರೆ ಭಾಷೆ ಬದಲಾಗದೆ, ಮನೆ ಮಾಲೀಕರು ಹಾಕಿಟ್ಟ ಚಾನೆಲ್ ಪಟ್ಟಿ, ಲಾಗಿನ್, ವೈಫೈ ಎಲ್ಲ ಅಳಿಸಿಹೋಗಿ, ಅದೇ ಓದಲಾಗದ ಭಾಷೆಯಲ್ಲಿ ಇಪ್ಪತ್ತು ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತವೆ.

ಲಕ್ಷಣ: ಟಿವಿ ಮೆನು ಪೂರ್ತಿ ಗೊತ್ತಿಲ್ಲದ ಭಾಷೆಯಲ್ಲಿದೆ

ರಿಮೋಟ್‌ನಲ್ಲಿ ಮನೆಯ ಚಿತ್ರ ಒತ್ತಿ, ಪರದೆಯ ಮೇಲೆ ಹಲ್ಲಿನ ಚಕ್ರದ ಚಿತ್ರ ಹುಡುಕಿ. ಅದೇ ಸೆಟ್ಟಿಂಗ್ಸ್. ಆಂಡ್ರಾಯ್ಡ್ ಟಿವಿಗಳಲ್ಲಿ ಮೇಲ್ಭಾಗದ ಮೂಲೆಯಲ್ಲಿರುತ್ತದೆ. ಒಳಗೆ ಹೋಗಿ ಸಿಸ್ಟಮ್ ಅಥವಾ ಸಾಧನಕ್ಕೆ ಸಂಬಂಧಿಸಿದ ಸಾಲು ಹಿಡಿಯಿರಿ, ಅದರೊಳಗೆ ಭೂಗೋಳದ ಚಿತ್ರವಿರುವ ಸಾಲು ನೋಡಿ. ಎಲ್‌ಜಿ ಟಿವಿಯಲ್ಲಿ ‘ಜನರಲ್’ ವಿಭಾಗದ ಒಳಗೆ, ಸ್ಯಾಮ್‌ಸಂಗ್‌ನಲ್ಲಿ ‘ಜನರಲ್’ ಒಳಗಿನ ‘ಸಿಸ್ಟಮ್ ಮ್ಯಾನೇಜರ್’ನಲ್ಲಿ, ಫೈರ್ ಟಿವಿಯಲ್ಲಿ ‘ಪ್ರಿಫರೆನ್ಸಸ್’ನಲ್ಲಿ ಭಾಷೆಯ ಆಯ್ಕೆ ಇರುತ್ತದೆ. ಅಲ್ಲಿಯವರೆಗೆ ತಲುಪಿದರೆ ಗೆದ್ದಂತೆಯೇ. ಭಾಷೆಗಳ ಪಟ್ಟಿಯಲ್ಲಿ ಒಂದೊಂದು ಭಾಷೆಯ ಹೆಸರೂ ಸಾಮಾನ್ಯವಾಗಿ ಅದರದೇ ಲಿಪಿಯಲ್ಲಿರುತ್ತದೆ. ಇಂಗ್ಲಿಷ್ ಇಂಗ್ಲಿಷ್‌ನಲ್ಲೇ ಕಾಣುತ್ತದೆ, ಕನ್ನಡ ಇದ್ದರೆ ಕನ್ನಡದಲ್ಲೇ.

ಜರ್ಮನ್‌ನಲ್ಲಿ ಸೆಟ್ಟಿಂಗ್ಸ್‌ಗೆ ‘ಐನ್‌ಶ್ಟೆಲ್ಲುಂಗೆನ್’, ಭಾಷೆಗೆ ‘ಶ್ಪ್ರಾಖೆ’. ಜಪಾನಿಯಲ್ಲಿ ‘ಸೆತ್ತೇ’, ‘ಗೆಂಗೊ’. ಅರಬ್ಬಿಯಲ್ಲಿ ಭಾಷೆಗೆ ‘ಲುಘಾ’. ಪಕ್ಕದ ಮನೆಯವರಿಗೆ ಫೋನಿನಲ್ಲಿ ಟಿವಿ ತೋರಿಸಿ ಈ ಒಂದು ಪದ ಹೇಳಿದರೂ ಬೆರಳಿಟ್ಟು ತೋರಿಸುತ್ತಾರೆ.

ಅರಬ್ಬಿ ಮೆನುವಿನಲ್ಲಿ ಇನ್ನೊಂದು ತೊಡಕಿದೆ. ಬರಹ ಬಲದಿಂದ ಎಡಕ್ಕೆ ಸಾಗುವುದರಿಂದ ಇಡೀ ಪರದೆಯೇ ಮಗುಚಿಕೊಳ್ಳುತ್ತದೆ. ಊರಲ್ಲಿ ಬಲಮೂಲೆಯಲ್ಲಿ ಇದ್ದ ಹಲ್ಲಿನ ಚಕ್ರ ಎಡಮೂಲೆಗೆ ಬಂದಿರುತ್ತದೆ. ಒಳಗೆ ಹೋಗಲು ಎಡಬಾಣ, ಹಿಂದೆ ಬರಲು ಬಲಬಾಣ. ಬಲಬಾಣ ಒತ್ತಿ ಒತ್ತಿ ‘ರಿಮೋಟ್ ಹಾಳಾಗಿದೆ’ ಅನ್ನುವವರು ಎಡಬಾಣ ಒತ್ತಿ ನೋಡಬೇಕು. ಮೇಲಿಂದ ಕೆಳಗಿನ ಕ್ರಮ ಮಾತ್ರ ಬದಲಾಗುವುದಿಲ್ಲ. ಇಂಗ್ಲಿಷ್ ಮೆನುವಿನಲ್ಲಿ ನಾಲ್ಕನೆಯ ಸಾಲಿನಲ್ಲಿದ್ದದ್ದು ಅದೇ ಮಾದರಿಯ ಅರಬ್ಬಿ ಮೆನುವಿನಲ್ಲೂ ನಾಲ್ಕನೆಯದೇ. ಹಾಗಾಗಿ ಅದೇ ಮಾದರಿಯ ಇಂಗ್ಲಿಷ್ ಮೆನುವಿನ ವಿಡಿಯೊ ಒಂದು ಸಿಕ್ಕರೆ ಸಾಲು ಎಣಿಸಿಕೊಂಡು ಹೋಗಬಹುದು.

ದುಬೈಯಿಂದ ಮಗ ತಂದುಕೊಟ್ಟ ಟಿವಿ ಪೆಟ್ಟಿಗೆ ಸಿಂಧನೂರಿನ ಮನೆಯಲ್ಲಿ ಅರಬ್ಬಿಗೆ ತಿರುಗಿದರೂ ಇದೇ ದಾರಿ. ವಿಡಿಯೊ ಕರೆ ಮಾಡಿ, ಅಲ್ಲಿ ಫೋನಿನ ಹಿಂದಿನ ಕ್ಯಾಮೆರಾ ಟಿವಿಯತ್ತ ತಿರುಗಿಸಲು ಹೇಳಿ. ‘ಸೆಟ್ಟಿಂಗ್ಸ್‌ಗೆ ಹೋಗು’ ಅಂದರೆ ಆಗುವುದಿಲ್ಲ. ‘ಅವ್ವಾ, ಹಲ್ಲಿನ ಚಕ್ರ ಕಾಣ್ತದಲ್ಲ, ಅದರ ಮ್ಯಾಲೆ ನಿಂತು ನಡುವಿನ ಗುಂಡಿ ಒತ್ತು, ಈಗ ಕೆಳಗಿನ ಬಾಣ ಮೂರು ಸಲ, ನಿಂದ್ರು, ಈಗ ಎಡಗಡೀದು ಒಂದು ಸಲ’ ಎಂದು ಒಂದೊಂದೇ ಹೆಜ್ಜೆ ಹೇಳಿ, ಪ್ರತಿ ಹೆಜ್ಜೆಗೂ ಪರದೆ ನೋಡಿಕೊಂಡೇ ಮುಂದಕ್ಕೆ ಹೋಗಿ.

ಭಾಷೆ, ಬೆಳಕು, ಸದ್ದು ಏನೇ ಬದಲಿಸಿದರೂ ಸ್ವಲ್ಪ ಹೊತ್ತಿಗೆ ಮೊದಲಿನ ಹಾಗೇ ಆಗುತ್ತಿದ್ದರೆ, ಚಿತ್ರ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿದ್ದರೆ, ಟಿವಿ ಅಂಗಡಿ ಮೋಡ್‌ನಲ್ಲಿದೆ. ಮೊದಲ ಸಲ ಹಾಕಿದಾಗ ‘ಮನೆಯೋ, ಅಂಗಡಿಯೋ’ ಎಂದು ಕೇಳಿದ್ದಕ್ಕೆ ಯಾರೋ ಅಂಗಡಿ ಎಂದು ಒತ್ತಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಬಳಕೆಯ ಮೋಡ್ ಹುಡುಕಿ ಮನೆಗೆ ಬದಲಿಸಿ. ಪಿನ್ ಕೇಳಿದರೆ ಎಲ್‌ಜಿ, ಸ್ಯಾಮ್‌ಸಂಗ್‌ಗಳಲ್ಲಿ ಯಾರೂ ಬದಲಿಸಿರದಿದ್ದರೆ 0000.

ಜಪಾನಿನ ಒಳಮಾರುಕಟ್ಟೆಯ ಎಷ್ಟೋ ಟಿವಿಗಳಲ್ಲಿ ಜಪಾನಿ ಬಿಟ್ಟು ಬೇರೆ ಭಾಷೆಯೇ ಇರುವುದಿಲ್ಲ. ಪಟ್ಟಿ ಸಿಗದಿದ್ದರೆ ಅದು ನಿಮ್ಮ ತಪ್ಪಲ್ಲ. ಇಂಗ್ಲಿಷ್ ಮೆನುವಿರುವ ಸಣ್ಣ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಎಚ್‌ಡಿಎಂಐಗೆ ಚುಚ್ಚಿದರೆ ಟಿವಿಯ ಸ್ವಂತ ಮೆನು ಬೇಕಾಗುವುದೇ ಅಪರೂಪ.

ಲಕ್ಷಣ: ದೀಪ ಉರಿಯುತ್ತದೆ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ

ಮಕ್ಕಳ ಲಾಕ್ ಮೊದಲ ಅನುಮಾನ. ಪರದೆಯಲ್ಲಿ ಬೀಗ, ಕೀಲಿಕೈ ಇಲ್ಲವೇ ಮಗುವಿನ ಮುಖದ ಚಿತ್ರ ಇದೆಯೇ ನೋಡಿ. ಅದೇ ಚಿತ್ರವಿರುವ ಗುಂಡಿಯನ್ನು ಮೂರರಿಂದ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಕೆಲವು ಯಂತ್ರಗಳಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಆ ಎರಡರ ನಡುವೆ ಗೆರೆ ಎಳೆದು ಬೀಗದ ಚಿತ್ರ ಹಾಕಿರುತ್ತಾರೆ.

ಎರಡನೆಯದು ತಡವಾಗಿ ಶುರುವಾಗುವ ಟೈಮರ್. ಪರದೆಯಲ್ಲಿ ಗಡಿಯಾರದ ಚಿತ್ರ, ನಿಧಾನಕ್ಕೆ ಇಳಿಯುವ ಅಂಕಿ ಕಂಡರೆ ಯಂತ್ರ ಕಾಯುತ್ತಿದೆ ಎಂದರ್ಥ. ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಿ ಪ್ರೋಗ್ರಾಂ ಹೊಸದಾಗಿ ಆರಿಸಿ. ಫ್ರಿಜ್‌ನಲ್ಲಿ ದೀಪ ಉರಿದು ತಂಪು ಮಾತ್ರ ಇಲ್ಲದಿದ್ದರೆ, ಪರದೆಯಲ್ಲಿ ಇಂಗ್ಲಿಷ್‌ನ ಓ, ಎಫ್ ಅಕ್ಷರಗಳು ಕಂಡರೆ ಅದು ಪ್ರದರ್ಶನ ಮೋಡ್. ಮಾದರಿ ಸಂಖ್ಯೆ ಹಾಕಿ ಆ ಮೋಡ್ ತೆಗೆಯುವ ಗುಂಡಿ ಜೋಡಿ ಹುಡುಕಿ.

ದೀಪವೇ ಇಲ್ಲದಿದ್ದರೆ ಗೋಡೆ ನೋಡಿ. ದುಬೈ, ಕುವೈತ್, ಕತಾರ್, ಒಮಾನ್‌ಗಳಲ್ಲಿ ಮೂರು ಚಪ್ಪಟೆ ಕಡ್ಡಿಯ ಪ್ಲಗ್ ಬಳಕೆಯಲ್ಲಿದೆ, ಅದರ ಒಳಗೇ ಒಂದು ಫ್ಯೂಸ್ ಇರುತ್ತದೆ. ನಮ್ಮ ಕಡೆ ಪ್ಲಗ್‌ನಲ್ಲಿ ಫ್ಯೂಸ್ ಇರುವುದಿಲ್ಲವಾದ್ದರಿಂದ ಅಲ್ಲಿ ಹುಡುಕಬೇಕೆಂದು ಹೊಳೆಯುವುದಿಲ್ಲ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಅದೇ ಆಂಪಿಯರ್‌ನ ಹೊಸದನ್ನು ಹಾಕಿ. 3 ಆಂಪಿಯರ್ ಇದ್ದಲ್ಲಿ 13 ಹಾಕಬೇಡಿ; ತಂತಿ ಸುಟ್ಟರೂ ಫ್ಯೂಸ್ ಹಾರುವುದಿಲ್ಲ. ಹೊಸ ಫ್ಯೂಸ್ ಕೂಡಲೇ ಹಾರಿದರೆ ಯಂತ್ರದಲ್ಲೇ ದೋಷ, ಅಲ್ಲಿಗೆ ನಿಲ್ಲಿಸಿ.

ಜಪಾನಿನಲ್ಲಿ ಗೋಡೆಯ ಸಾಕೆಟ್‌ಗೆ ಸಾಮಾನ್ಯ ಮಿತಿ 1500 ವ್ಯಾಟ್. ಕೆಟಲ್, ಕುಕ್ಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್‌ಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ.

ಲಕ್ಷಣ: ಬಟ್ಟೆ ಯಂತ್ರ ಮುಗಿಯುವುದೇ ಇಲ್ಲ, ನಡುವೆ ನಿಂತಿದೆ, ಬಾಗಿಲು ತೆರೆಯುತ್ತಿಲ್ಲ

ಯುರೋಪಿನ ಯಂತ್ರದಲ್ಲಿ ‘ಇಕೊ 40-60’ ಆರಿಸಿದ್ದರೆ ಮೂರು ಗಂಟೆ ಮೀರುವುದು ಸಹಜ. 2021ರ ಮಾರ್ಚ್‌ನಿಂದ ಅಲ್ಲಿ ಮಾರುವ ಹೊಸ ಯಂತ್ರಗಳಲ್ಲಿ ಈ ಪ್ರೋಗ್ರಾಂ ಇರಲೇಬೇಕು. ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ತೊಳೆದು ಕರೆಂಟ್ ಉಳಿಸುವುದು ಅದರ ಲೆಕ್ಕ. ಮುಂಬಾಗಿಲಿನ ಯಂತ್ರಗಳಲ್ಲಿ ನೀರು ಕಾಯಿಸುವ ಕಾಯಿಲ್ ಇರುತ್ತದೆ. ಜರ್ಮನ್ ಬರಹದ ಯಂತ್ರದಲ್ಲಿ ‘ಕೋಖ್‌ವೆಶೆ’ ಎಂಬ ಕುದಿನೀರಿನ ಒಗೆತ ಆರಿಸಿದರೆ ಬಿಸಿ 90 ಡಿಗ್ರಿ ಮುಟ್ಟುತ್ತದೆ. ಇಳಕಲ್ ಸೀರೆ ಅದರಲ್ಲಿ ಹಾಕಿದರೆ ಮತ್ತೆ ಉಡುವ ಸ್ಥಿತಿಯಲ್ಲಿ ಇರುವುದಿಲ್ಲ. ‘ಬಾಮ್‌ವೊಲ್ಲೆ’ ಹತ್ತಿ, ‘ಶ್ಲೊಯ್ಡರ್ನ್’ ಹಿಂಡುವುದು, ‘ಆಬ್‌ಪುಂಪನ್’ ನೀರು ಹೊರಹಾಕುವುದು. ದಿನಬಳಕೆಗೆ ಈ ಮೂರು ಗೊತ್ತಿದ್ದರೆ ಸಾಕು.

ನಿಂತಿದ್ದರೆ ಮೊದಲು ಗೋಡೆಯ ನಲ್ಲಿ ನೋಡಿ. ಬಾಡಿಗೆ ಮನೆ ಬಿಟ್ಟು ಹೋಗುವವರು ಅದನ್ನು ಮುಚ್ಚಿ ಹೋಗುವುದು ಅಲ್ಲಿಯ ರೂಢಿ. ಎಲ್‌ಜಿಯಲ್ಲಿ ಐ-ಇ ಅಕ್ಷರಗಳು ಬಂದರೆ ನೀರು ಬರುತ್ತಿಲ್ಲ, ಓ-ಇ ಬಂದರೆ ನೀರು ಹೊರಗೆ ಹೋಗುತ್ತಿಲ್ಲ, ಯು-ಇ ಬಂದರೆ ಬಟ್ಟೆ ಒಂದೇ ಕಡೆ ಗುಡ್ಡೆಯಾಗಿದೆ. ಬಾಷ್, ಸೀಮೆನ್ಸ್‌ನಲ್ಲಿ ಇ-18 ಎಂದರೂ ನೀರು ಹೊರಹೋಗುವ ದಾರಿ ಕಟ್ಟಿದೆ ಎಂದೇ.

ಕಟ್ಟಿದ ದಾರಿ ಬಿಡಿಸುವುದು ನೀವೇ ಮಾಡಬಹುದಾದ ಕೆಲಸ, ಅವಸರ ಮಾತ್ರ ಬೇಡ. ಪ್ಲಗ್ ಕೀಳಿ. ಬಿಸಿನೀರಿನ ಪ್ರೋಗ್ರಾಂ ಆಗಿದ್ದರೆ ನೀರು ತಣ್ಣಗಾಗುವವರೆಗೆ ಬಿಡಿ. ಯಂತ್ರದ ಮುಂದೆ, ಕೆಳಮೂಲೆಯಲ್ಲಿ ಸಣ್ಣ ಮುಚ್ಚಳವಿರುತ್ತದೆ. ತೆಗೆದರೆ ಒಂದು ದೊಡ್ಡ ತಿರುಪು ಮುಚ್ಚಳ, ಹಲವು ಮಾದರಿಗಳಲ್ಲಿ ಪಕ್ಕದಲ್ಲೊಂದು ಸಣ್ಣ ಪೈಪ್. ಕೆಳಗೆ ತಗ್ಗು ತಟ್ಟೆ ಇಟ್ಟು, ಪೈಪ್ ಇದ್ದರೆ ಮೊದಲು ಅದರಿಂದ ನೀರು ಬಿಡಿ. ಆಮೇಲೆ ತಿರುಪನ್ನು ಅರ್ಧ ಸುತ್ತಿನಂತೆ ಸಡಿಲಿಸುತ್ತಾ, ನೀರು ಬಂದಾಗ ಬಿಗಿ ಮಾಡಿ, ತಟ್ಟೆ ಖಾಲಿ ಮಾಡಿ ಮತ್ತೆ ಸಡಿಲಿಸಿ. ಒಳಗೆ ನಾಣ್ಯ, ಹೇರ್‌ಪಿನ್, ಗುಂಡಿ, ನೂಲಿನ ಉಂಡೆ ಸಿಗುತ್ತವೆ. ತೊಳೆದು, ಬಿಗಿಯಾಗಿ ತಿರುಗಿಸಿ, ‘ಆಬ್‌ಪುಂಪನ್’ ಓಡಿಸಿ ನೋಡಿ.

ಬಾಗಿಲು ಕೆಲಸ ಮುಗಿದ ಮೇಲೂ ಎರಡು ಮೂರು ನಿಮಿಷ ಬಿಗಿದೇ ಇರುತ್ತದೆ. ಗಾಜಿನಲ್ಲಿ ನೀರು ಕಾಣುತ್ತಿದ್ದರೆ ಎಳೆಯಬೇಡಿ, ಮೊದಲು ನೀರು ಖಾಲಿ ಮಾಡಿ. ಹಿಡಿಕೆ ಮುರಿದರೆ ಆ ಖರ್ಚು ಠೇವಣಿಯಿಂದ ಹೋಗುತ್ತದೆ.

ಬಟ್ಟೆ ಒಣಗಿಸುವ ಯಂತ್ರ ನಮ್ಮ ಬಿಸಿಲಿನ ಊರುಗಳಲ್ಲಿ ಬೇಕೇ ಆಗುವುದಿಲ್ಲ, ಹಾಗಾಗಿ ಅದು ಹೊಸದು. ಪೈಪಿಲ್ಲದ ಮಾದರಿಗಳಲ್ಲಿ ಬಟ್ಟೆಯಿಂದ ಬಂದ ನೀರು ಒಂದು ಡಬ್ಬಿಯಲ್ಲಿ ತುಂಬುತ್ತದೆ. ಡಬ್ಬಿ ತುಂಬಿದರೆ ಯಂತ್ರ ನಿಲ್ಲುತ್ತದೆ. ಎಳೆದು ಚೆಲ್ಲಿ, ಬಾಗಿಲ ಬಳಿಯ ಜಾಲರಿಯಲ್ಲಿ ಕೂತ ನೂಲು ತೆಗೆದು ಮತ್ತೆ ಹಾಕಿ. ಆ ನೂಲನ್ನು ಹಾಗೇ ಬಿಟ್ಟರೆ ಬೆಂಕಿ ಹತ್ತುವ ಅಪಾಯವಿದೆ, ಆದ್ದರಿಂದ ಪ್ರತಿ ಸಲವೂ ತೆಗೆಯಬೇಕು.

ಪಾತ್ರೆ ತೊಳೆಯುವ ಯಂತ್ರದಲ್ಲಿ ಎರಡು ಎಸ್ ಆಕಾರದ ಬಾಣ ಉರಿದರೆ ಉಪ್ಪು ಮುಗಿದಿದೆ, ನಕ್ಷತ್ರ ಉರಿದರೆ ಹೊಳಪಿನ ದ್ರವ ಮುಗಿದಿದೆ. ಎರಡೂ ದೋಷವಲ್ಲ. ಉಪ್ಪು ಮಾತ್ರ ಆ ಯಂತ್ರಕ್ಕೆಂದೇ ಮಾರುವ ದಪ್ಪ ಉಪ್ಪಾಗಿರಬೇಕು, ಅಡುಗೆಯ ಪುಡಿ ಉಪ್ಪು ಹಾಕಬೇಡಿ.

ಲಕ್ಷಣ: ರೊಟ್ಟಿ ಬೇಯಿಸುವಾಗ ಒಲೆಯ ಉರಿ ತಾನೇ ಸಣ್ಣದಾಗುತ್ತದೆ, ಆರುತ್ತದೆ

ಜಪಾನಿಗೆ ಹೋದ ನಮ್ಮ ಕಡೆಯವರಿಗೆ ಇದು ಬಂದೇ ಬರುತ್ತದೆ. ಜೋಳದ ರೊಟ್ಟಿಗೆ ಹಂಚು ಚೆನ್ನಾಗಿ ಕಾಯಬೇಕು. ಕಾಯುತ್ತಿದ್ದಂತೆ ಸದ್ದು ಬರುತ್ತದೆ, ಉರಿ ಕುಗ್ಗುತ್ತದೆ, ರೊಟ್ಟಿ ಹಸಿಯಾಗಿ ಉಳಿಯುತ್ತದೆ. ಗ್ಯಾಸ್ ಮುಗಿದಿಲ್ಲ, ಒಲೆ ಕೆಟ್ಟಿಲ್ಲ. ಬರ್ನರ್‌ನ ನಡುವೆ ಎದ್ದು ನಿಂತಿರುವ ಸ್ಪ್ರಿಂಗಿನ ಗುಂಡಿ ಪಾತ್ರೆಯ ತಳದ ಬಿಸಿ ಅಳೆಯುತ್ತದೆ. ಸುಮಾರು 250 ಡಿಗ್ರಿ ತಲುಪಿದಾಗ ಉರಿ ಕಡಿಮೆ ಮಾಡುತ್ತದೆ, ಆಮೇಲೂ ಬಿಸಿ ಇಳಿಯದಿದ್ದರೆ ಆರಿಸುತ್ತದೆ. ಎಣ್ಣೆ ಹೊತ್ತಿಕೊಳ್ಳುವ ಅನಾಹುತ ತಪ್ಪಿಸಲು 2008ರ ಅಕ್ಟೋಬರ್‌ನಿಂದ ಮನೆಬಳಕೆಯ ಗ್ಯಾಸ್ ಒಲೆಗಳ ಎಲ್ಲ ಬರ್ನರ್‌ಗಳಿಗೂ ಇದು ಕಡ್ಡಾಯ. ಖಾಲಿ ಕಾಯುವ ಹಂಚು, ಮರೆತುಹೋದ ಬಾಣಲೆ ಎರಡೂ ಆ ಸೆನ್ಸರ್‌ಗೆ ಒಂದೇ.

ಮೊದಲು ಹಂಚಿನ ತಳ ನೋಡಿ. ತಳ ಬಾಗಿದ ಹಂಚು ಸೆನ್ಸರ್ ಮೇಲೆ ಸಮನಾಗಿ ಕೂರುವುದಿಲ್ಲ. ಚಪ್ಪಟೆ ತಳದ ದಪ್ಪ ಹಂಚು ಬೇಕು. ಸೆನ್ಸರ್ ತಲೆಯ ಮೇಲೆ ಹಿಟ್ಟು, ಕರಿ ಕೂತಿದ್ದರೆ ಒಲೆ ತಣ್ಣಗಿರುವಾಗ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ಒಲೆಯ ಮುಂಭಾಗದ ಗುಂಡಿಗಳ ಸಾಲಿನಲ್ಲಿ ಹೆಚ್ಚು ಬಿಸಿಯ ಹುರಿಯುವಿಕೆಯ ಗುಂಡಿ ಹುಡುಕಿ. ಹಲವು ಮಾದರಿಗಳಲ್ಲಿ ಮೂರು ಸೆಕೆಂಡ್ ಒತ್ತಿದರೆ ದೀಪ ಹತ್ತುತ್ತದೆ. ಎಲ್ಲ ಬರ್ನರ್‌ಗಳಿಗೂ ಇದು ಇರುವುದಿಲ್ಲ, ಒಂದೊಂದು ಒಲೆಯಲ್ಲಿ ಒಂದೇ ಬರ್ನರ್‌ಗೆ ಇರುತ್ತದೆ. ಇದು ಮಿತಿಯನ್ನು ಮೇಲಕ್ಕೆ ಸರಿಸುತ್ತದೆ ಅಷ್ಟೆ, ಪೂರ್ತಿ ತೆಗೆಯುವುದಿಲ್ಲ. ಅಷ್ಟು ಸಾಕು, ರೊಟ್ಟಿ ಉಬ್ಬುತ್ತದೆ.

ಈ ಮೋಡ್‌ನಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯಬೇಡಿ. ಕಾದ ಎಣ್ಣೆ ಸುಮಾರು 360 ಡಿಗ್ರಿಯಲ್ಲಿ ಕಿಡಿ ತಾಗದೆಯೇ ಹೊತ್ತಿಕೊಳ್ಳುತ್ತದೆ, ಕಾವಲಿಗಿರುವ ಸೆನ್ಸರ್‌ನ ಮಿತಿಯನ್ನು ನೀವೇ ಸಡಿಲಿಸಿರುತ್ತೀರಿ. ಸೆನ್ಸರನ್ನು ನಾಣ್ಯ, ಟೇಪ್, ತಂತಿಯಿಂದ ಒತ್ತಿ ಕಟ್ಟುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಒಲೆ ಹೊತ್ತುವುದೇ ಇಲ್ಲವೆಂದರೆ ಬ್ಯಾಟರಿ ನೋಡಿ. ಜಪಾನಿನ ಒಲೆಗಳಲ್ಲಿ ಕಿಡಿ ಬರುವುದು ಹೆಚ್ಚಾಗಿ ದೊಡ್ಡ ಟಾರ್ಚಿನ ಸೈಜಿನ ಎರಡು ಸೆಲ್‌ಗಳಿಂದ. ಮುಂದಿನ ಕೆಂಪು ದೀಪ ಮಿನುಗಿದರೆ ಸೆಲ್ ಬದಲಿಸಿ. ಆಮೇಲೂ ಆಗದಿದ್ದರೆ ಹೊರಗಿನ ಗ್ಯಾಸ್ ಮೀಟರ್. ಭೂಕಂಪದ ಜೋರು ಅಲುಗಾಟಕ್ಕೆ, ಇಲ್ಲವೇ ತುಂಬ ಹೊತ್ತು ಗ್ಯಾಸ್ ಹರಿದರೆ ಅದು ತಾನೇ ಬಂದ್ ಆಗುತ್ತದೆ, ಕೆಂಪು ದೀಪ ಮಿನುಗುತ್ತಿರುತ್ತದೆ. ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮನೆಯ ಎಲ್ಲ ಗ್ಯಾಸ್ ಉಪಕರಣ ಬಂದ್ ಮಾಡಿ, ಮೀಟರಿನ ಮರಳಿ ಚಾಲು ಗುಂಡಿಯ ಮುಚ್ಚಳ ತೆಗೆದು ಒಳಕ್ಕೆ ಬಲವಾಗಿ ಒತ್ತಿ ಬಿಡಿ. ಸುಮಾರು ಮೂರು ನಿಮಿಷ ಗ್ಯಾಸ್ ಬಳಸದೆ ಕಾಯಿರಿ. ಅಷ್ಟರಲ್ಲಿ ಅದು ಸೋರಿಕೆ ಇದೆಯೇ ಎಂದು ನೋಡಿಕೊಳ್ಳುತ್ತದೆ. ಮಿನುಗುವುದು ನಿಂತರೆ ಬಳಸಬಹುದು. ಮತ್ತೆ ಬಂದ್ ಆದರೆ ಗ್ಯಾಸ್ ಕಂಪನಿಗೆ ಫೋನ್ ಮಾಡಿ, ಇನ್ನೊಮ್ಮೆ ಒತ್ತಬೇಡಿ.

ವಾಸನೆ ಬಂದರೆ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಎಕ್ಸಾಸ್ಟ್ ಫ್ಯಾನ್ ಮುಟ್ಟುವುದೂ ಬೇಡ. ಕಿಟಕಿ ತೆರೆದು, ವಾಲ್ವ್ ಮುಚ್ಚಿ, ಹೊರಗೆ ಬಂದು ಫೋನ್ ಮಾಡಿ. ನಮ್ಮ ಸಿಲಿಂಡರ್ ಗ್ಯಾಸ್ ನೆಲಕ್ಕೆ ಇಳಿಯುತ್ತದೆ, ಆದರೆ ಜಪಾನಿನ ಪೈಪಿನ ನಗರ ಗ್ಯಾಸ್ ಮೇಲಕ್ಕೆ ಏರುತ್ತದೆ. ಬಾಗಿ ಮೂಸಿ ನೋಡಿ ‘ಏನಿಲ್ಲ’ ಎನ್ನುವ ಅಭ್ಯಾಸ ಅಲ್ಲಿ ನಡೆಯದು. ಈ ಎರಡು ಗ್ಯಾಸ್‌ಗಳ ಒಲೆಗಳೂ ಬೇರೆ ಬೇರೆ. ಸೆಕೆಂಡ್ ಹ್ಯಾಂಡ್ ಒಲೆ ಕೊಳ್ಳುವಾಗ ‘ತೋಶಿ ಗ್ಯಾಸ್’ ಎಂಬ ನಗರ ಗ್ಯಾಸ್‌ಗೋ ‘ಪ್ರೊಪಾನ್’ ಎಂಬ ಸಿಲಿಂಡರ್ ಗ್ಯಾಸ್‌ಗೋ ಎಂದು ಪಟ್ಟಿ ನೋಡದೆ ಹಣ ಕೊಡಬೇಡಿ, ಜೋಡಣೆಯನ್ನು ಗ್ಯಾಸ್‌ನವರಿಂದಲೇ ಮಾಡಿಸಿ.

ಲಕ್ಷಣ: ಜರ್ಮನಿಯ ಓವನ್, ಒಲೆ ಬಿಸಿಯಾಗುತ್ತಿಲ್ಲ

ಓವನ್‌ನಲ್ಲಿ ದೀಪ ಉರಿದು, ಫ್ಯಾನ್ ಸುತ್ತಿದರೂ ಬಿಸಿ ಬಾರದಿದ್ದರೆ ಗಡಿಯಾರ ನೋಡಿ. ಕರೆಂಟ್ ಹೋಗಿ ಬಂದಮೇಲೆ ಸಮಯ ಮಿನುಗುತ್ತಿರುತ್ತದೆ. ಸಮಯ ಹೊಂದಿಸುವವರೆಗೆ ಬಿಸಿಯಾಗದ ಮಾದರಿಗಳು ಬಹಳ ಇವೆ. ಗಡಿಯಾರದ ಗುಂಡಿ ಒತ್ತಿ, ಕೂಡು-ಕಳೆ ಗುಂಡಿಯಿಂದ ಸಮಯ ಹಾಕಿ.

ಗಾಜಿನ ಒಲೆಯಲ್ಲಿ ಎಲ್ ಅಕ್ಷರ ಬಂದರೆ ಹೆಚ್ಚಾಗಿ ಲಾಕ್, ಎಚ್ ಬಂದರೆ ಗಾಜು ಇನ್ನೂ ಬಿಸಿಯಿದೆ ಎಂದು. ಎಚ್ ಇರುವವರೆಗೆ ಕೈಯಿಡಬೇಡಿ. ಇಂಡಕ್ಷನ್ ಆಗಿದ್ದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಕಬ್ಬಿಣದ ಹಂಚು ನಡೆಯುತ್ತದೆ, ಊರಿಂದ ಒಯ್ದ ಅಲ್ಯೂಮಿನಿಯಂ ಪಾತ್ರೆ ನಡೆಯುವುದಿಲ್ಲ. ಹಿಟ್ಟು ಮೆತ್ತಿದ ಬೆರಳು, ಗಾಜಿನ ಮೇಲಿನ ನೀರ ಹನಿ ಎರಡಕ್ಕೂ ಸ್ಪರ್ಶದ ಗುಂಡಿ ಸ್ಪಂದಿಸುವುದಿಲ್ಲ. ಒರೆಸಿ, ಒಣಗಿದ ಬೆರಳಿನಿಂದ ಒತ್ತಿ. ಈ ಒಲೆಗಳು ಹೆಚ್ಚಾಗಿ 400 ವೋಲ್ಟ್‌ನ ಮೂರು ಫೇಸ್ ತಂತಿಗೆ ಜೋಡಿಸಿರುತ್ತಾರೆ. ಹಿಂಭಾಗ ಬಿಚ್ಚುವುದು ಎಲೆಕ್ಟ್ರಿಷಿಯನ್ ಕೆಲಸ.

ಲಕ್ಷಣ: ಬಿಸಿನೀರು ಬರುತ್ತಿಲ್ಲ, ಬಿಸಿ ಬದಲಿಸಲು ಆಗುತ್ತಿಲ್ಲ

ಜಪಾನಿನ ಮನೆಯಲ್ಲಿ ಅಡುಗೆಮನೆಗೊಂದು, ಸ್ನಾನದ ಕೋಣೆಗೊಂದು ಪರದೆ ಇರುತ್ತದೆ. ಆದ್ಯತೆಯ ಗುಂಡಿ ಉರಿಯುತ್ತಿರುವ ಪರದೆಯಿಂದ ಮಾತ್ರ ಡಿಗ್ರಿ ಬದಲಿಸಬಹುದು. ಆದ್ಯತೆಗೆ ‘ಯೂಸೆನ್’ ಎನ್ನುತ್ತಾರೆ. ಸ್ನಾನಕ್ಕೆ 40 ರಿಂದ 42 ಸಾಕು. ಯಾರಾದರೂ ಪಾತ್ರೆಗೆಂದು 60ಕ್ಕೆ ಇಟ್ಟಿದ್ದರೆ ಮೈ ಸುಡುತ್ತದೆ, ಮಕ್ಕಳಿರುವ ಮನೆಯಲ್ಲಿ ನಲ್ಲಿ ತಿರುಗಿಸುವ ಮುನ್ನ ಅಂಕಿ ನೋಡುವುದೇ ಒಳ್ಳೆಯದು. ಪರದೆಯಲ್ಲಿ 111 ಬಂದರೆ ಉರಿ ಹೊತ್ತಿಲ್ಲ ಎಂದರ್ಥ. ಗ್ಯಾಸ್ ವಾಲ್ವ್, ಮೀಟರ್ ಎರಡನ್ನೂ ನೋಡಿ, ಪರದೆ ಆಫ್ ಮಾಡಿ ಆನ್ ಮಾಡಿ. ಮತ್ತೆ ಬಂದರೆ ಕರೆ ಮಾಡುವ ಸಮಯ.

ಲಕ್ಷಣ: ಅನ್ನ ಗಟ್ಟಿ ಉಳಿಯುತ್ತದೆ, ಇಲ್ಲವೇ ಉಕ್ಕಿ ಚೆಲ್ಲುತ್ತದೆ

ಜಪಾನಿನ ಕುಕ್ಕರ್‌ನ ಒಳಪಾತ್ರೆಯಲ್ಲಿ ಇರುವ ಗೆರೆಗಳು ಅವರ ಗುಂಡು, ಅಂಟು ಅಕ್ಕಿಗೆ. ಗಂಗಾವತಿಯ ಸೋನಾ ಮಸೂರಿಗೆ ಆ ಗೆರೆಯ ನೀರು ಸಾಲದು. ಕುಕ್ಕರ್ ಜೊತೆಗಿನ ಲೋಟ 180 ಮಿಲಿ. ಒಂದು ಲೋಟ ಹಳೆಯ ಅಕ್ಕಿಗೆ ಎರಡು ಲೋಟದಷ್ಟು ನೀರಿನಿಂದ ಶುರು ಮಾಡಿ ಹೊಂದಿಸಿಕೊಳ್ಳಿ, ಪಾತ್ರೆಯ ಗರಿಷ್ಠ ಗೆರೆಯ ಅರ್ಧ ಮಟ್ಟದ ಅಕ್ಕಿಗಿಂತ ಹೆಚ್ಚು ಹಾಕಬೇಡಿ. ದೊಡ್ಡ ಗುಂಡಿ ‘ಸುಯ್‌ಹಾನ್’, ಬೇಯಿಸುವುದು. ‘ಹೊಓನ್’ ಬೆಚ್ಚಗಿಡುವುದು; ಅದನ್ನೊತ್ತಿ ಒಂದು ಗಂಟೆ ಕಾದರೂ ಅಕ್ಕಿ ಹಾಗೇ ಇರುತ್ತದೆ. ‘ತೊರಿಕೆಶಿ’ ರದ್ದು. ‘ಓಕಾಯು’ ಗಂಜಿಗೆ, ಅದರಲ್ಲಿ ಮಾಮೂಲಿನಷ್ಟು ಅಕ್ಕಿ ಹಾಕಿದರೆ ಆವಿಯ ರಂಧ್ರದಿಂದ ಉಕ್ಕುತ್ತದೆ.

ಲಕ್ಷಣ: ಎಸಿ ತಂಪು ಕೊಡುತ್ತಿಲ್ಲ

ಮಂಜಿನ ಹರಳು ತಂಪು, ಸೂರ್ಯ ಬಿಸಿ, ಹನಿ ತೇವ ತೆಗೆಯುವುದು. ಜಪಾನಿ ರಿಮೋಟ್‌ನಲ್ಲಿ ಚಿತ್ರವಿಲ್ಲದಿದ್ದರೆ ಅಕ್ಷರದ ಎಡಭಾಗ ನೋಡಿ: ಎರಡು ಸಣ್ಣ ಚುಕ್ಕೆ ಇದ್ದರೆ ತಂಪು, ನಡುವೆ ಗೆರೆಯಿರುವ ಪುಟ್ಟ ಚೌಕ ಇದ್ದರೆ ಬಿಸಿ. ಮೋಡ್ ಬದಲಿಸಿ ಮೂರು ನಾಲ್ಕು ನಿಮಿಷ ಬಿಡಿ, ಕಂಪ್ರೆಸರ್ ಕೂಡಲೇ ಶುರುವಾಗುವುದಿಲ್ಲ. ಚಳಿಗಾಲದಲ್ಲಿ ಬಿಸಿಗಾಳಿ ಹತ್ತು ನಿಮಿಷ ನಿಂತು ಮತ್ತೆ ಬಂದರೆ ಹೊರಘಟಕ ತನ್ನ ಮೇಲಿನ ಮಂಜು ಕರಗಿಸಿಕೊಳ್ಳುತ್ತಿದೆ. ಗಲ್ಫ್‌ನ ಧೂಳಿನಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯದಿದ್ದರೆ ಯಾವ ಮೋಡ್ ಹಾಕಿದರೂ ಪ್ರಯೋಜನವಿಲ್ಲ.

ಲಕ್ಷಣ: ಊರಿಗೆ ತಂದು ಚುಚ್ಚಿದ ಕೂಡಲೇ ಸುಟ್ಟ ವಾಸನೆ, ಅಥವಾ ಒಯ್ದ ಮಿಕ್ಸಿ ಅಲ್ಲಿ ತಿರುಗದು

ವಾಸನೆ ಬಂದಿದ್ದರೆ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಮತ್ತೊಮ್ಮೆ ಹಾಕಿ ನೋಡಬೇಡಿ.

ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಎಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕ. ಗಲ್ಫ್ ದೇಶಗಳು, ಜರ್ಮನಿ ಹೆಚ್ಚುಕಡಿಮೆ ಇದೇ ವೋಲ್ಟೇಜ್, ಆದರೆ ಸೌದಿಯಲ್ಲಿ 60 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್. ಜಪಾನಿನಲ್ಲಿ 100 ವೋಲ್ಟ್, ಅದರಲ್ಲೂ ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಜಪಾನಿನ 700 ವ್ಯಾಟ್ ಕುಕ್ಕರನ್ನು ಕೊಪ್ಪಳದ ಮನೆಯಲ್ಲಿ ನೇರ ಚುಚ್ಚಿದರೆ ವೋಲ್ಟೇಜ್ 2.3 ಪಟ್ಟು, ಕಾಯಿಲ್ ಎಳೆಯುವ ಶಕ್ತಿ ಅದರ ವರ್ಗದಷ್ಟು, ಅಂದರೆ ಐದು ಪಟ್ಟಿಗೂ ಹೆಚ್ಚು. 3700 ವ್ಯಾಟ್ ಹತ್ತಿರ. ಕ್ಷಣದಲ್ಲಿ ಹೋಗುತ್ತದೆ.

ಯಂತ್ರದ ವಿವರದ ಪಟ್ಟಿಯಲ್ಲಿ ‘ಇನ್‌ಪುಟ್’ ಎಂಬಲ್ಲಿ 100-240 ಎಂದಿದ್ದರೆ ಯಾವ ದೇಶದಲ್ಲೂ ನಡೆಯುತ್ತದೆ, ಕಡ್ಡಿ ಹೊಂದುವ ಅಡಾಪ್ಟರ್ ಸಾಕು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ ಹೀಗೇ. ಬರೀ 100 ಅಥವಾ 120 ಎಂದಿದ್ದರೆ ಟ್ರಾನ್ಸ್‌ಫಾರ್ಮರ್ ಬೇಕು. ಅಡಾಪ್ಟರ್ ಕಡ್ಡಿಯ ಆಕಾರ ಮಾತ್ರ ಬದಲಿಸುತ್ತದೆ. ‘ಮನ್ಯಾಗ ಸ್ಟೆಬಿಲೈಜರ್ ಐತಲ್ಲ’ ಎನ್ನುವವರಿದ್ದಾರೆ. ಸ್ಟೆಬಿಲೈಜರ್ ಕೆಲಸ ಏರಿಳಿಯುವ ವೋಲ್ಟೇಜನ್ನು 230ರ ಆಸುಪಾಸಿಗೆ ತರುವುದು, 100ಕ್ಕೆ ಇಳಿಸುವುದಲ್ಲ. ಟ್ರಾನ್ಸ್‌ಫಾರ್ಮರ್ ಯಂತ್ರದ ವ್ಯಾಟ್‌ಗಿಂತ ಒಂದೂವರೆ ಪಟ್ಟಾದರೂ ಇರಲಿ, ಮೋಟಾರ್ ಇದ್ದರೆ ಎರಡು ಪಟ್ಟು: 700 ವ್ಯಾಟ್ ಕುಕ್ಕರಿಗೆ 1000 ವಿಎಗಿಂತ (ವಿಎ ಎಂಬುದು ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ) ಮೇಲಿನದು, ಜಪಾನಿಗೆ ಒಯ್ದ 750 ವ್ಯಾಟ್ ಮಿಕ್ಸಿಗೆ ವೋಲ್ಟೇಜ್ ಏರಿಸುವ 1500 ವಿಎ. ಮಿಕ್ಸಿಗೆ ಹರ್ಟ್ಸ್ ವ್ಯತ್ಯಾಸ ದೊಡ್ಡದಲ್ಲ. ವೆಟ್ ಗ್ರೈಂಡರ್, ಫ್ರಿಜ್, ಹಳೆಯ ಮಾದರಿಯ ಮೈಕ್ರೋವೇವ್‌ಗಳಿಗೆ ದೊಡ್ಡದು. ಟ್ರಾನ್ಸ್‌ಫಾರ್ಮರ್ ಹರ್ಟ್ಸ್ ಬದಲಿಸುವುದಿಲ್ಲ. ಆ ಸಾಮಾನುಗಳನ್ನು ಹೊತ್ತು ತರುವ ಖರ್ಚಿಗೆ ರಾಯಚೂರಿನಲ್ಲೇ ಹೊಸದು ಕೊಳ್ಳುವುದು ಲೇಸು.

ಯಾವಾಗ ಕೈ ತೆಗೆಯಬೇಕು, ಏನು ಹೇಳಿ ಕರೆಯಬೇಕು

ಗ್ಯಾಸ್ ವಾಸನೆ, ಸುಟ್ಟ ವಾಸನೆ, ಮೈಗೆ ಜುಮ್ಮೆನ್ನುವ ಕರೆಂಟ್, ಪ್ಲಗ್ ಬಿಸಿಯಾಗುವುದು, ಬ್ರೇಕರ್ ಎರಡನೆಯ ಸಲ ಬೀಳುವುದು, ನೆಲಕ್ಕೆ ನೀರು ಹರಿದು ತಂತಿಯ ಕಡೆ ಹೋಗುವುದು: ಇವುಗಳಲ್ಲಿ ಯಾವುದು ಕಂಡರೂ ಮೆನು ಅನುವಾದ ಅಲ್ಲಿಗೇ ನಿಲ್ಲಲಿ. ಬೆಂಕಿಯಾದರೆ ಯುರೋಪಿನಲ್ಲಿ 112, ಜಪಾನಿನಲ್ಲಿ 119. ಮೈಕ್ರೋವೇವ್‌ನ ಹೊರಕವಚವನ್ನು ಪ್ಲಗ್ ಕಿತ್ತ ಮೇಲೂ ಬಿಚ್ಚಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ಬಾಡಿಗೆ ಮನೆಯ ಯಂತ್ರವಾದರೆ ಕಂಪನಿಗಿಂತ ಮೊದಲು ಮಾಲೀಕರಿಗೆ ತಿಳಿಸಿ. ಹೇಳದೆ ಬಿಚ್ಚಿಸಿದರೆ ಖರ್ಚು ನಿಮ್ಮ ತಲೆಗೆ ಬರಬಹುದು. ಅವರ ಭಾಷೆಯಲ್ಲಿ ಮಾತಾಡಲು ಹೋಗಿ ತಡವರಿಸುವುದಕ್ಕಿಂತ ಬರೆದು ಕಳಿಸುವುದು ಸುಲಭ, ಸಾಕ್ಷಿಯೂ ಉಳಿಯುತ್ತದೆ. ಚಿಕ್ಕ ಚಿಕ್ಕ ವಾಕ್ಯ ಬರೆದು ಅನುವಾದಿಸಿ: ಮಾದರಿ ಸಂಖ್ಯೆ ಇದು. ಪರದೆಯಲ್ಲಿ ಈ ಕೋಡ್ ಬರುತ್ತಿದೆ. ನಿನ್ನೆ ಸಂಜೆಯಿಂದ ಹೀಗಿದೆ. ನೀರಿನ ನಲ್ಲಿ ತೆರೆದಿದೆ, ಫಿಲ್ಟರ್ ತೊಳೆದಿದ್ದೇವೆ. ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಅರ್ಥ ಉಳಿದಿದೆಯೇ ನೋಡಿ, ಮೊದಲೇ ತೆಗೆದಿಟ್ಟ ಎರಡೂ ಫೋಟೊ ಸೇರಿಸಿ ಕಳಿಸಿ. ರಿಪೇರಿಯವರು ಬರುವ ಮೊದಲು ಬಂದುಹೋಗುವ ಶುಲ್ಕ ಎಷ್ಟು, ಅದನ್ನು ಕೊಡುವವರು ಯಾರು ಎಂಬುದನ್ನೂ ಬರಹದಲ್ಲೇ ಕೇಳಿ ಪಡೆಯಿರಿ.